ಆಟ ಆಡುವವರ ಗಣತಿ: ಅದರಲ್ಲಿ ನಮ್ಮವರೆಲ್ಲಿ?

ನಾನು ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಪತ್ರಿಕೆಯ ಮೇಜಿಗೆ ಬಂದು ಕುಳಿತುಕೊಳ್ಳುವುದಕ್ಕೆ ಮುಂಚಿನ ಮಾತು. ತಿರುವಲ್ಲಿಕ್ಕೇಣಿಯ ನಮ್ಮ ಹೋಟೆಲಿನ ಮಹಡಿಯ ಮೇಲೆ ನೌಕರರು ವಾಸವಾಗಿದ್ದ ಕೋಣೆಗಳಿಗೆ ಒಂದು ದಿನ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ, ಎಂದರೆ ಊಟದ ಗದ್ದಲ ಮುಗಿದು ಕಾಫಿಯ ಗದ್ದಲ ಇನ್ನೂ ಮೊದಲಾಗದಿದ್ದ ಆ ಅರ್ಧ ಗಂಟೆಯಲ್ಲಿ, ಆರೋಗ್ಯ ಸಮೀಕ್ಷೆಗೆಂದು ಒಬ್ಬ ತರುಣಿ ಬಂದಳು. ಸ್ಲೇಟಿನಂಥ ಒಂದು ಯಂತ್ರವನ್ನು ಕೈಯಲ್ಲಿ ಹಿಡಿದು, ಪ್ರಶ್ನೆಗಳನ್ನು ತಮಿಳಿನಲ್ಲಿ ಒಂದೊಂದಾಗಿ ಕೇಳುತ್ತ ಹೋಗಿ, ಕುಂದಾಪುರದ ಕಡೆಯ ಮಾಣಿಯೊಬ್ಬನನ್ನು ‘ವಾರದಲ್ಲಿ ಎಷ್ಟು ದಿನ ಆಟವಾಡುತ್ತೀರಿ?’ ಎಂದು ವಿಚಾರಿಸಿದಳು. ಅವನಿಗೆ ತಮಿಳು ತಟ್ಟೆ ಲೋಟಗಳ ಮಟ್ಟಿಗೆ ಮಾತ್ರ ಬರುತ್ತಿದ್ದುದರಿಂದ ನಾನೇ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ‘ಆಟವೇ? ಊರಿಗೆ ಹೋದಾಗ ತಪ್ಪಿಸುವುದಿಲ್ಲ. ಮಂದಾರ್ತಿ ಮೇಳದ್ದಾದರೆ ಬೆಳಗಿನವರೆಗೂ ಏಳುವುದಿಲ್ಲ’ ಎಂದು ಅವನು ಬಹು ಸಂತೋಷದಿಂದ ಉತ್ತರಕೊಟ್ಟನು. ಕರಾವಳಿಯವರಿಗೆ ಆಟವೆಂದರೆ ಯಕ್ಷಗಾನವೆಂಬುದನ್ನು ಆಕೆಗೆ ವಿವರಿಸುವಷ್ಟರಲ್ಲಿ ಕೆಳಗಿನಿಂದ ಕರೆ ಬಂದಿತು; ಮಾಣಿ ಇಳಿದು ಹೋದನು. ಆಕೆ ಏನನ್ನು ಬರೆದುಕೊಂಡಳೋ ನಾನರಿಯೆ.

ಅಂದು ನಕ್ಕು ಸುಮ್ಮನಾದೆ. ಅನಂತರ ಈ ವೃತ್ತಿಗೆ ಬಂದ ಮೇಲೆ ಸರ್ಕಾರಗಳ ವರದಿಗಳನ್ನು ಓದುವ ಅಭ್ಯಾಸ ಬೆಳೆದು, ‘ನೂರಕ್ಕೆ ಇಷ್ಟು ಮಂದಿ ಆಡುತ್ತಾರೆ, ಇಷ್ಟು ಮಂದಿ ಆಡುವುದಿಲ್ಲ’ ಎಂಬ ವಾಕ್ಯಗಳನ್ನು ಕಂಡಾಗಲೆಲ್ಲ ಆ ಮಾಣಿಯ ನೆನಪಾಗುತ್ತದೆ. ಆ ನೂರರಲ್ಲಿ ಅವನನ್ನು ಯಾವ ಕಡೆಗೆ ಸೇರಿಸಿದರು? ಬೆಳಗಿನಿಂದ ರಾತ್ರಿಯವರೆಗೆ ಅಡಿಗೆಮನೆಗೂ ಮೇಜಿಗೂ ನಡುವೆ ಓಡಾಡುವವನು ಚಟುವಟಿಕೆಯುಳ್ಳವನೋ, ಅಲ್ಲವೋ? ಈ ಪ್ರಶ್ನೆಗೆ ಒಂದೊಂದು ಸರ್ಕಾರ ಒಂದೊಂದು ಉತ್ತರವನ್ನು ಕೊಡುತ್ತದೆಂಬ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ.

ಪ್ರಜೆಗಳ ಮೈಕಟ್ಟಿನ ಲೆಕ್ಕವಿಡುವ ಹಂಬಲ ಸರ್ಕಾರಗಳಿಗೆ ಹೊಸದಲ್ಲ. ರಷ್ಯಾದಲ್ಲಿ 1931ರಲ್ಲಿಯೇ ‘ದುಡಿಮೆಗೂ ರಕ್ಷಣೆಗೂ ಸಿದ್ಧ’ ಎಂಬ ಪದಕವನ್ನು ಹೊರಡಿಸಿ, ಓಟ, ಈಜು, ಎಸೆತಗಳಲ್ಲಿ ಗೊತ್ತಾದ ಮಟ್ಟವನ್ನು ಮುಟ್ಟಿದವರಿಗೆ ಅದನ್ನು ಹಂಚಿದರು. ಎಷ್ಟು ಪದಕ ಹಂಚಿದರೋ ಅಷ್ಟು ಮಂದಿ ಆಟಗಾರರೆಂದು ಲೆಕ್ಕ. ಸೋವಿಯತ್ ಒಕ್ಕೂಟ ಮುರಿದಾಗ ನಿಂತುಹೋಗಿದ್ದ ಆ ಪದ್ಧತಿಯನ್ನು ಅಲ್ಲಿಯವರು 2014ರಲ್ಲಿ ಮತ್ತೆ ಎಬ್ಬಿಸಿದ್ದಾರೆ. ನಮ್ಮ ದೇಶದಲ್ಲಿಯೂ 1959-60ರಲ್ಲಿ ಕೇಂದ್ರ ಸರ್ಕಾರದವರು ರಾಷ್ಟ್ರೀಯ ದೈಹಿಕ ದಕ್ಷತಾ ಆಂದೋಲನವೆಂಬುದನ್ನು ಆರಂಭಿಸಿ, ಊರೂರುಗಳಲ್ಲಿ ಜನರನ್ನು ಓಡಿಸಿ, ಜಿಗಿಸಿ ಪರೀಕ್ಷೆ ಮಾಡಿದರು. ಈ ಬಗೆಯ ಲೆಕ್ಕದಲ್ಲಿ ಒಂದು ಸೌಕರ್ಯವುಂಟು, ಒಂದು ದೋಷವೂ ಉಂಟು. ಪರೀಕ್ಷೆಗೆ ಬಂದವರ ಸಂಖ್ಯೆ ಖಚಿತವಾಗಿ ದೊರೆಯುತ್ತದೆ. ಬಾರದೆ ಇದ್ದವರು ಯಾರು, ಏಕೆ ಬರಲಿಲ್ಲ ಎಂಬುದು ದೊರೆಯುವುದಿಲ್ಲ.

ನಮ್ಮ ಚೆನ್ನೈಯಲ್ಲಿ ಪ್ರಕೃತ ನಡೆಯುವ ಮುಖ್ಯಮಂತ್ರಿಗಳ ಟ್ರೋಫಿ ಪಂದ್ಯಗಳ ಲೆಕ್ಕವೂ ಇದೇ ಜಾತಿಯದು. 2023ರಲ್ಲಿ ಸುಮಾರು 3.7 ಲಕ್ಷ ಮಂದಿ, 2024ರಲ್ಲಿ 11 ಲಕ್ಷಕ್ಕೆ ಮೇಲ್ಪಟ್ಟು, 2025ರಲ್ಲಿ 16 ಲಕ್ಷಕ್ಕೆ ಮೇಲ್ಪಟ್ಟು ಹೆಸರು ಕೊಟ್ಟರೆಂದು ಪ್ರಕಟವಾಯಿತು. ಇದು ಸಾಮಾನ್ಯವಾದ ಕೆಲಸವಲ್ಲ; ಹಳ್ಳಿಯ ಶಾಲೆಯ ಹುಡುಗಿಯರು ಜಿಲ್ಲಾ ಮೈದಾನದಲ್ಲಿ ಕಾಲಿಟ್ಟದ್ದು ಇದರಿಂದಲೇ. ಆದರೆ ಹೆಸರು ಕೊಡುವುದು ಬೇರೆ, ವರ್ಷವಿಡೀ ಆಡುವುದು ಬೇರೆ. ಒಂದು ದಿನದ ಪಂದ್ಯಕ್ಕೆ ಬಂದವನು ಉಳಿದ 364 ದಿನ ಏನು ಮಾಡಿದನೆಂದು ಆ ಪಟ್ಟಿ ಹೇಳಲಾರದು. ಇನ್ನೊಂದು ಸಂಗತಿ: ಸಾರ್ವಜನಿಕರ ವಿಭಾಗದಲ್ಲಿ ವಯಸ್ಸಿನ ಮಿತಿ 15ರಿಂದ 35. ಸರ್ಕಾರಿ ನೌಕರರಿಗೆ ಬೇರೆಯದೇ ವಿಭಾಗವಿದೆ. 36 ವರ್ಷದ ಖಾಸಗಿ ಕಂಪನಿಯ ಗುಮಾಸ್ತನಾಗಲಿ, ಮೇಜು ಒರೆಸುವವನಾಗಲಿ, ಎಷ್ಟೇ ಚೆನ್ನಾಗಿ ಆಡಲಿ, ಅಂಗವಿಕಲರ ವಿಭಾಗಕ್ಕೆ ಸೇರದಿದ್ದರೆ ಅವನಿಗೆ ಆ ಪಟ್ಟಿಯಲ್ಲಿ ಅಂಕಣವಿಲ್ಲ. ನಮ್ಮ ಹೋಟೆಲುಗಳಲ್ಲಿ 35 ದಾಟಿದವರು ಎಷ್ಟು ಮಂದಿಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಪಂದ್ಯದ ಪಟ್ಟಿಯನ್ನು ಬಿಟ್ಟು ಜನರನ್ನೇ ನೇರವಾಗಿ ಕೇಳುವ ವಿಧಾನವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಇಂಗ್ಲೆಂಡಿನವರು. 2005ರಲ್ಲಿ ಆರಂಭವಾದ ಅವರ ಸಮೀಕ್ಷೆಯಲ್ಲಿ ಮೊದಲ ವರ್ಷವೇ 3,63,724 ವಯಸ್ಕರನ್ನು ದೂರವಾಣಿಯ ಮೂಲಕ ಮಾತಾಡಿಸಿದರು. 2012ರ ಲಂಡನ್ ಒಲಿಂಪಿಕ್ಸಿನ ಪುಣ್ಯದಿಂದ ಆಡುವವರ ಸಂಖ್ಯೆಯನ್ನು ಹತ್ತು ಲಕ್ಷ ಹೆಚ್ಚಿಸಬೇಕೆಂದು ಅಲ್ಲಿನ ಸರ್ಕಾರ ಸಂಕಲ್ಪ ಮಾಡಿತ್ತು. ಲೆಕ್ಕ ಮೇಲೇರಲಿಲ್ಲವಾಗಿ, ಒಲಿಂಪಿಕ್ಸ್ ಬರುವುದಕ್ಕೆ ಮುಂಚೆ, 2011ರಲ್ಲಿಯೇ ಹೊಸ ಸರ್ಕಾರ ಆ ಗುರಿಯನ್ನು ಕೈಬಿಟ್ಟಿತು. ಸೋಲನ್ನು ತಾನೇ ಅಳೆದು ತಾನೇ ಪ್ರಕಟಿಸಿದ ಸರ್ಕಾರವೆಂದು ಅದನ್ನು ಮೆಚ್ಚಬೇಕು. ಆದರೆ ಆ ದೂರವಾಣಿಗಳೆಲ್ಲ ಮನೆಯ ಗೋಡೆಯ ಪಕ್ಕದಲ್ಲಿರುವಂಥವು. ತರುಣರು ಜೇಬಿನ ದೂರವಾಣಿಗೆ ಹೋದ ಮೇಲೆ ಮನೆಯಲ್ಲಿ ಉತ್ತರಕೊಡಲು ವಯಸ್ಸಾದವರೇ ಉಳಿದರು. ಈ ಕಾರಣದಿಂದಲೂ, ಆಟವೊಂದನ್ನೇ ಅಲ್ಲದೆ ನಡಿಗೆ ಮೊದಲಾದುವನ್ನು ಸೇರಿಸಬೇಕೆಂಬ ಕಾರಣದಿಂದಲೂ 2015ರ ನವೆಂಬರಿನಿಂದ ಅಂಚೆ ಮತ್ತು ಅಂತರ್ಜಾಲದ ಹೊಸ ಸಮೀಕ್ಷೆಗೆ ಬದಲಾಯಿಸಿದರು. ಅದರಂತೆ ವಾರಕ್ಕೆ 150 ನಿಮಿಷ ಮೈ ದಂಡಿಸಿದವನು ಚಟುವಟಿಕೆಯುಳ್ಳವನು, 30 ನಿಮಿಷವೂ ಇಲ್ಲದವನು ಜಡ, ನಡುವಿನವನು ನಡುವೆ. ಹೊಟ್ಟೆಪಾಡಿನ ಕೆಲಸದಲ್ಲಿ ಎಷ್ಟು ಬೆವರಿದರೂ ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮಾಣಿ ಲಂಡನ್ನಿನಲ್ಲಿದ್ದು ಅಂಚೆಯಲ್ಲಿ ಆ ಕಾಗದವನ್ನು ತುಂಬಿ ಕಳುಹಿಸಿದ್ದರೆ, ಇಳಿದ ನಿಲ್ದಾಣದಿಂದ ಹೋಟೆಲಿನವರೆಗೆ ನಡೆದದ್ದನ್ನು ಬಿಟ್ಟರೆ ಶುದ್ಧ ಸೋಮಾರಿಯೆನಿಸಿಕೊಳ್ಳುತ್ತಿದ್ದನು.

ಯುರೋಪಿನ ಒಕ್ಕೂಟದವರದು ಇನ್ನೂ ನೇರವಾದ ಪ್ರಶ್ನೆ: ವ್ಯಾಯಾಮ ಅಥವಾ ಆಟ ಎಷ್ಟು ಸಲ? 2009ರಲ್ಲಿ ನೂರಕ್ಕೆ 39 ಮಂದಿ ‘ಎಂದೂ ಇಲ್ಲ’ ಎಂದರು. 2022ರಲ್ಲಿ ಹಾಗೆಂದವರು 45. ಮೈದಾನಗಳೂ ರಜೆಗಳೂ ಧಾರಾಳವಾಗಿರುವ ಸೀಮೆಯ ಸಮಾಚಾರವಿದು.

ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿಕೊಟ್ಟ ಹದಿನಾರು ಪ್ರಶ್ನೆಗಳ ಪಟ್ಟಿ. ನಮ್ಮ ಮಹಡಿಗೆ ಬಂದ ತರುಣಿಯ ಯಂತ್ರದಲ್ಲಿದ್ದುದೂ ಇದೇ ಇರಬೇಕೆಂದು ಈಗ ಓದಿದಾಗ ತೋರುತ್ತದೆ. ಇದರ ವ್ಯವಸ್ಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ; ಲೆಕ್ಕ ಬರೆಯುವವರಾದ ನಮ್ಮ ಗುಮಾಸ್ತ ಬಂಧುಗಳಿಗೆ ಇದು ರುಚಿಸೀತು.

ಈ ಪಟ್ಟಿಯಲ್ಲಿ ಮೂರು ಖಾತೆಗಳಿವೆ: ಕೆಲಸದಲ್ಲಿ ಪಡುವ ಶ್ರಮ, ಹೋಗಿ ಬರುವಾಗ ನಡೆದದ್ದು ಅಥವಾ ಸೈಕಲ್ ತುಳಿದದ್ದು, ಬಿಡುವಿನಲ್ಲಿ ಮಾಡಿದ ಆಟ ಮತ್ತು ವ್ಯಾಯಾಮ. ಒಂದೊಂದರಲ್ಲಿಯೂ ಸಾಮಾನ್ಯವಾದ ಒಂದು ವಾರದಲ್ಲಿ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಎಂದು ಕೇಳುತ್ತಾರೆ. ಒಮ್ಮೆಗೆ ಹತ್ತು ನಿಮಿಷವಾದರೂ ಎಡೆಬಿಡದೆ ನಡೆದಿರಬೇಕು. ಸುಮ್ಮನೆ ಕುಳಿತವನ ದೇಹ ವೆಚ್ಚಮಾಡುವ ಶಕ್ತಿಯನ್ನು ಒಂದು ‘ಮೆಟ್’ ಎಂದು ಇಟ್ಟುಕೊಂಡು, ಚುರುಕಾದ ನಡಿಗೆ, ಹಗುರವಾದ ಹೊರೆ ಹೊರುವುದು ಮುಂತಾದ ಮಧ್ಯಮ ಶ್ರಮಕ್ಕೆ ನಿಮಿಷಕ್ಕೆ 4, ಏದುಸಿರು ಬರಿಸುವ ತೀವ್ರ ಶ್ರಮಕ್ಕೆ 8 ಅಂಕ ಕೊಡುತ್ತಾರೆ. ವಾರಕ್ಕೆ ಒಟ್ಟು 600 ಅಂಕವಾದರೆ ತೇರ್ಗಡೆ. ಮಧ್ಯಮ ಶ್ರಮದ 150 ನಿಮಿಷವೆಂದರೂ ಅದೇ ಆಯಿತು.

ಈಗ ನಮ್ಮ ಮಾಣಿಯ ಲೆಕ್ಕ ನೋಡಿ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ಆರು ದಿನ ಕೆಲಸ. ನಿಂತು ಆರ್ಡರು ಕೇಳುವ ಹೊತ್ತನ್ನು ಕಳೆದು, ಕೈತುಂಬ ತಟ್ಟೆ ಹಿಡಿದು ಚುರುಕಾಗಿ ನಡೆಯುವುದು ಅರ್ಧ ಭಾಗವೆಂದರೂ ದಿನಕ್ಕೆ 270 ನಿಮಿಷ. ಆರು ದಿನಕ್ಕೆ 1,620 ನಿಮಿಷ. ನಾಲ್ಕರಿಂದ ಗುಣಿಸಿದರೆ 6,480. ತೇರ್ಗಡೆಯ ಅಂಕಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು! ಇಂಗ್ಲೆಂಡಿನ ಪುಸ್ತಕದಲ್ಲಿ ಸೋಮಾರಿಯಾದವನು ಇಲ್ಲಿ ಪ್ರಥಮ ದರ್ಜೆಯ ಜಟ್ಟಿ.

ಪ್ಯಾರಿಸ್ ಕಾರ್ನರಿನ ಕಚೇರಿಯೊಂದರಲ್ಲಿ ಕೆಲಸ ಮಾಡುವ ಗುಮಾಸ್ತರನ್ನು ತೆಗೆದುಕೊಳ್ಳೋಣ. ಕುಳಿತು ಮಾಡುವ ಕೆಲಸಕ್ಕೆ ಅಂಕವಿಲ್ಲ. ರೈಲು ನಿಲ್ದಾಣದಿಂದ ಕಚೇರಿಗೆ ಹತ್ತು ನಿಮಿಷ, ಮರಳಿ ಹತ್ತು ನಿಮಿಷ, ಐದು ದಿನ: ನೂರು ನಿಮಿಷ, 400 ಅಂಕ. ನಪಾಸು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಾಲ್ ಬ್ಯಾಡ್ಮಿಂಟನ್ ಆಡಿದರೆ, ಅದನ್ನು ಮಧ್ಯಮವೆಂದೇ ಹಿಡಿದರೂ, ಇನ್ನು 240 ಸೇರಿ 640. ಆ ಒಂದು ಗಂಟೆ ಅವರನ್ನು ದಾಟಿಸಿತು. ಪತ್ರಿಕೆಯ ಮೇಜಿಗೆ ಬಂದ ಮೇಲೆ ನನ್ನ ಸ್ವಂತ ಲೆಕ್ಕವನ್ನೂ ಹಾಕಿ ನೋಡಿದೆ. ಅಂಕವನ್ನು ಇಲ್ಲಿ ಅಚ್ಚುಹಾಕುವುದಿಲ್ಲ. ಗುಮಾಸ್ತರಿಗೂ ಕೆಳಗೆ ಎಂದರೆ ಸಾಕು.

ಈ ಪಟ್ಟಿಯಿಂದ ನಮ್ಮ ನಾಡಿನಲ್ಲಿ ತೆಗೆದ ಫಲಿತಾಂಶಗಳು ಗಮನಾರ್ಹವಾಗಿವೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗಮಾಹಿತಿ ಮತ್ತು ಸಂಶೋಧನಾ ಕೇಂದ್ರದವರು ನಡೆಸಿದ 2017-18ರ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ನೂರಕ್ಕೆ 41 ಮಂದಿಯ ಶ್ರಮ ಸಾಲದೆಂದು ಕಂಡುಬಂದಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು, 2022ರ ಸ್ಥಿತಿಯನ್ನು ಅಂದಾಜು ಮಾಡಿ, ಭಾರತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಯಸ್ಕರು, ಹೆಂಗಸರಲ್ಲಿ ನೂರಕ್ಕೆ 57 ಮಂದಿ, ಗಂಡಸರಲ್ಲಿ 42 ಮಂದಿ ಹೀಗಿದ್ದಾರೆಂದು ಪ್ರಕಟಿಸಿದರು. ಮನೆಯ ಕೆಲಸವೂ ‘ಕೆಲಸ’ದ ಖಾತೆಗೆ ಸೇರುತ್ತದೆಂದು ಪ್ರಶ್ನೆಯಲ್ಲಿ ಸ್ಪಷ್ಟವಾಗಿಯೇ ಇದೆ, ಆದರೂ ‘ನೀವು ಕೆಲಸದಲ್ಲಿ ಶ್ರಮಪಡುತ್ತೀರಾ?’ ಎಂದು ಕೇಳಿದರೆ ‘ನಾನು ಕೆಲಸಕ್ಕೆ ಹೋಗುವುದಿಲ್ಲ, ಮನೆಯಲ್ಲಿರುತ್ತೇನೆ’ ಎಂದು ಉತ್ತರಿಸುವ ಗೃಹಿಣಿಯರು ನಮ್ಮಲ್ಲಿ ಕಡಮೆಯಿಲ್ಲವೆಂದು ನನ್ನ ಅನುಮಾನ. ನೀರು ಹೊತ್ತವರೂ, ಹಿಟ್ಟು ರುಬ್ಬಿದವರೂ ಆ ಒಂದು ಮಾತಿನಿಂದ ಜಡರ ಸಾಲಿಗೆ ಸೇರಿಹೋಗುತ್ತಾರೆ.

ಎಲ್ಲಕ್ಕಿಂತ ನಮಗೆ ಹತ್ತಿರದ್ದು ನಮ್ಮ ಚೆನ್ನೈಯ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ ನಡೆಸಿದ್ದು. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ 14,227 ಮಂದಿಯನ್ನು ಇದೇ ಪ್ರಶ್ನೆಗಳಿಂದ ವಿಚಾರಿಸಿ 2014ರಲ್ಲಿ ಅವರು ಪ್ರಕಟಿಸಿದ ಫಲವೇನೆಂದರೆ, ಅರ್ಧಕ್ಕಿಂತ ಹೆಚ್ಚು ಮಂದಿ, ನೂರಕ್ಕೆ 54, ಜಡರು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಂಖ್ಯೆಯಲ್ಲ. ಮೂರನೆಯ ಖಾತೆಯನ್ನು, ಎಂದರೆ ಬಿಡುವಿನ ಆಟ ವ್ಯಾಯಾಮಗಳನ್ನು, ಅವರು ಬೇರೆಯಾಗಿ ತೆಗೆದು ತೋರಿಸಿದ್ದಾರೆ. ತಮಿಳುನಾಡಿನಲ್ಲಿ ಅಂಥದು ಏನೂ ಇಲ್ಲವೆಂದವರು ನೂರಕ್ಕೆ 93 ಮಂದಿ! 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿ, ದೇಶಕ್ಕೆಲ್ಲ ಡ್ರಿಲ್ ಮಾಸ್ತರರನ್ನು ತಯಾರಿಸಿಕೊಟ್ಟ ನಗರವಿದು. ಅದೇ ನಗರದ ನಾಡಿನಲ್ಲಿ ನೂರಕ್ಕೆ ಏಳು ಮಂದಿ ಮಾತ್ರ ಬಿಡುವಿನಲ್ಲಿ ಮೈಯಾಡಿಸುವರು.

ಮೂರು ಖಾತೆಗಳನ್ನು ಒಟ್ಟು ಕೂಡಿಸಿದಾಗ ಏನಾಗುತ್ತದೆಂಬುದನ್ನು ಇಲ್ಲಿ ಕಾಣಬಹುದು. ನಮ್ಮ ಮಾಣಿಯ 6,480ರಲ್ಲಿ ಆಟದ ಖಾತೆ ಸೊನ್ನೆ. ಕೂಡಿಸಿದ ಕೂಡಲೆ ಆ ಸೊನ್ನೆ ಮರೆಯಾಗುತ್ತದೆ. ಅವನು ಆರೋಗ್ಯವಂತರ ಸಾಲಿನಲ್ಲಿ ನಿಲ್ಲುತ್ತಾನೆ. ಸರ್ಕಾರ ಅವನ ಚಿಂತೆಯನ್ನು ಬಿಡುತ್ತದೆ. ಆದರೆ ದುಡಿಮೆಯ ಶ್ರಮವೂ ಆಟದ ಶ್ರಮವೂ ದೇಹಕ್ಕೆ ಒಂದೇ ಏನು? ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವಿದ್ವಾಂಸರು 1,04,046 ಮಂದಿಯನ್ನು ಹಲವು ವರ್ಷ ಅನುಸರಿಸಿ 2021ರಲ್ಲಿ ಬರೆದ ವರದಿಯಲ್ಲಿ, ಬಿಡುವಿನಲ್ಲಿ ಹೆಚ್ಚು ಮೈ ದಂಡಿಸಿದವರಿಗೆ ಹೃದ್ರೋಗವೂ ಮರಣವೂ ಕಡಮೆಯೆಂದೂ, ಕೆಲಸದಲ್ಲಿ ಬಹಳ ಮೈ ದಂಡಿಸಿದವರಿಗೆ ಎರಡೂ ಹೆಚ್ಚೆಂದೂ ಕಂಡರು. ಆಟದಲ್ಲಿ ದಣಿದವನು ನಿಲ್ಲುತ್ತಾನೆ, ಉಸಿರು ತೆಗೆದುಕೊಳ್ಳುತ್ತಾನೆ, ತನಗೆ ಬೇಕಾದಾಗ ಮತ್ತೆ ಏಳುತ್ತಾನೆ. ಕೆಲಸದಲ್ಲಿ ದಣಿದವನಿಗೆ ನಿಲ್ಲುವ ಅಧಿಕಾರವಿಲ್ಲ. ವಿದ್ವಾಂಸರು ಕೊಡುವ ಕಾರಣಗಳಲ್ಲಿ ಇದೂ ಒಂದು. ಇದನ್ನು ತಿಳಿಯುವುದಕ್ಕೆ ಕೋಪನ್‌ಹೇಗನ್ನಿಗೆ ಹೋಗಬೇಕಾಗಿರಲಿಲ್ಲವೆಂದು ನೀವು ಹೇಳುವಿರಿ.

ನಾನೂ ಹೇಳಬೇಕಾದದ್ದೊಂದಿದೆ. ನಮ್ಮ ಹೋಟೆಲಿನಲ್ಲಿ ಹದಿನೆಂಟು ವರ್ಷ ದುಡಿದ ಒಬ್ಬರು, ನಲವತ್ತು ತುಂಬುವುದಕ್ಕೆ ಮುಂಚೆಯೇ, ಮೊಣಕಾಲಿನ ಕೆಳಗೆ ನರಗಳು ಹಗ್ಗದಂತೆ ಗಂಟುಕಟ್ಟಿ, ನಿಲ್ಲಲಾರದೆ ಊರಿಗೆ ಹಿಂದಿರುಗಿದರು. ಅವರನ್ನು ಬಸ್ಸು ಹತ್ತಿಸಿ ಬಂದ ದಿನ ಗಲ್ಲಾಪೆಟ್ಟಿಗೆಯ ಮುಂದಿನ ನನ್ನ ಕುರ್ಚಿಯನ್ನು ನೋಡಿಕೊಂಡೆ. ಆ ಹದಿನೆಂಟು ವರ್ಷಗಳಲ್ಲಿ ಅವರಿಗೊಂದು ಸ್ಟೂಲು ಹಾಕಿಸಬೇಕೆಂದು ನನಗೆ ಹೊಳೆದಿರಲಿಲ್ಲ. 2021ರಲ್ಲಿ ತಮಿಳುನಾಡಿನ ಶಾಸನಸಭೆಯವರು ಅಂಗಡಿಗಳ ನೌಕರರಿಗೆ ಕುಳಿತುಕೊಳ್ಳಲು ಆಸನವಿರಬೇಕೆಂದು ಕಾಯದೆಗೆ ತಿದ್ದುಪಡಿ ತಂದಾಗ ಪತ್ರಿಕೆಯಲ್ಲಿ ಅದನ್ನು ಅಚ್ಚುಹಾಕಿದವನು ನಾನೇ. ಅಂದು ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಜನರು ಹೇಳಿದ್ದನ್ನು ನಂಬಬಹುದೇ ಎಂಬುದು ಮತ್ತೊಂದು ಸಮಸ್ಯೆ. ಇಂಗ್ಲೆಂಡಿನಲ್ಲಿ 2008ರ ಆರೋಗ್ಯ ಸಮೀಕ್ಷೆಯವರು ಬಹು ಚಮತ್ಕಾರದ ಕೆಲಸ ಮಾಡಿದರು. ಮೊದಲು ಬಾಯಿಮಾತಿನಿಂದ ಕೇಳಿದಾಗ ಗಂಡಸರಲ್ಲಿ ನೂರಕ್ಕೆ 39 ಮಂದಿ, ಹೆಂಗಸರಲ್ಲಿ 29 ಮಂದಿ ಸಾಕಷ್ಟು ವ್ಯಾಯಾಮ ಮಾಡುವವರೆಂದು ಲೆಕ್ಕ ಬಂದಿತು. ಅನಂತರ ಕೆಲವರ ಸೊಂಟಕ್ಕೆ ಚಲನೆಯನ್ನು ಅಳೆಯುವ ಸಣ್ಣ ಯಂತ್ರವನ್ನು ಕಟ್ಟಿಸಿ ನೋಡಿದರೆ ಗಂಡಸರು 6, ಹೆಂಗಸರು 4! ಯಾರೂ ಬೇಕೆಂದು ಸುಳ್ಳಾಡಿದರೆಂದು ಅರ್ಥವಲ್ಲ. ಕಳೆದ ವಾರ ಎಷ್ಟು ದೋಸೆ ತಿಂದಿರಿ ಎಂದು ಕೇಳಿದರೆ ಕಡಮೆ ಹೇಳುತ್ತೇವೆ. ಎಷ್ಟು ನಡೆದಿರಿ ಎಂದು ಕೇಳಿದರೆ ಹೆಚ್ಚು ಹೇಳುತ್ತೇವೆ.

ನೆನಪನ್ನು ನಂಬದೆ ಹಿಂದಿನ ದಿನದ ವೇಳೆಯನ್ನೆಲ್ಲ ಅರ್ಧ ಅರ್ಧ ಗಂಟೆಯಾಗಿ ಬರೆಸಿಕೊಳ್ಳುವ ವಿಧಾನವೊಂದು ನಮ್ಮ ಕೇಂದ್ರ ಸರ್ಕಾರದವರದು. ಕಾಲವಿನಿಯೋಗ ಸಮೀಕ್ಷೆಯೆಂದು ಇದರ ಹೆಸರು. 1998-99ರಲ್ಲಿ ತಮಿಳುನಾಡು ಸೇರಿದಂತೆ ಆರು ರಾಜ್ಯಗಳಲ್ಲಿ ಪ್ರಯೋಗಕ್ಕಾಗಿ ನಡೆಸಿ, 2019ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿ, 2024ರಲ್ಲಿ ಮತ್ತೊಮ್ಮೆ 1,39,487 ಮನೆಗಳಲ್ಲಿ 4,54,192 ಮಂದಿಯನ್ನು ವಿಚಾರಿಸಿದರು. ಬೆಳಗಿನ ನಾಲ್ಕು ಗಂಟೆಯಿಂದ ಮಾರನೆಯ ಬೆಳಗಿನ ನಾಲ್ಕರವರೆಗೆ ಅವರ ದಿನ. ದಿನವೆಂಬುದು ನಾಲ್ಕು ಗಂಟೆಗೆ ಆರಂಭವಾಗುತ್ತದೆಂದು ಹೋಟೆಲಿನ ಭಟ್ಟರನ್ನು ಬಿಟ್ಟರೆ ಸಂಖ್ಯಾಶಾಸ್ತ್ರದ ಇಲಾಖೆಯವರಿಗೆ ಮಾತ್ರ ತಿಳಿದಿರುವಂತೆ ತೋರುತ್ತದೆ.

ಬಹು ಶ್ರದ್ಧೆಯ ಕೆಲಸವಿದು. ಆದರೆ ಸಾರ್ವಜನಿಕರಿಗೆ ಪ್ರಕಟಿಸುವಾಗ ಸಂಸ್ಕೃತಿ, ವಿರಾಮ, ಸಮೂಹ ಮಾಧ್ಯಮ, ಕ್ರೀಡೆ ಈ ನಾಲ್ಕನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. 2019ರಲ್ಲಿ ದಿನದ ನೂರಕ್ಕೆ 9.9 ಪಾಲು ಇದ್ದದ್ದು 2024ರಲ್ಲಿ 11 ಪಾಲು ಆಯಿತೆಂದು, ಎಂದರೆ ಸುಮಾರು 2 ಗಂಟೆ 38 ನಿಮಿಷವೆಂದು ಸಾರಿದರು. ಮರೀನಾ ತೀರದಲ್ಲಿ ಓಡುವವನೂ, ಮಂಚದ ಮೇಲೆ ಮಲಗಿ ದೂರದರ್ಶನದಲ್ಲಿ ಕ್ರಿಕೆಟ್ ನೋಡುವವನೂ ಅದೇ ಗಂಟಿನಲ್ಲಿದ್ದಾರೆ. ನೀವು ಈ ಲೇಖನವನ್ನು ಓದುತ್ತಿರುವ ಹೊತ್ತೂ ಅದರಲ್ಲಿಯೇ ಜಮೆಯಾಗುತ್ತದೆ. ಒಳಗಿನ ಕೋಷ್ಟಕಗಳನ್ನು ಬಿಡಿಸಿದರೆ ಕ್ರೀಡೆಯನ್ನು ಬೇರೆ ಮಾಡಬಹುದು. ಆ ಶ್ರಮವನ್ನು ಯಾರು ಪಡುತ್ತಾರೆ?

ಇಲ್ಲಿ ಒಂದು ಸಂದೇಹ ಬರಬಹುದು: ಮನೆಮನೆಗೆ ಹೋಗುವವರು ಹೋಟೆಲಿನ ಮಹಡಿಯಲ್ಲಿರುವ ನಮ್ಮವರನ್ನು ಎಣಿಸುವರೇ? ರಾಷ್ಟ್ರೀಯ ಮಾದರಿ ಸಮೀಕ್ಷೆಯವರ ವ್ಯಾಖ್ಯೆಯಂತೆ ಹೋಟೆಲು, ಮೆಸ್ಸು, ವಸತಿಗೃಹಗಳಲ್ಲಿ ವಾಸಿಸುವ ಒಬ್ಬೊಬ್ಬನೂ ಒಬ್ಬನೇ ಸದಸ್ಯನಿರುವ ಒಂದು ಕುಟುಂಬ. ಆರು ಚಾಪೆಗಳಿರುವ ಒಂದು ಕೋಣೆಯೆಂದರೆ ಆರು ಕುಟುಂಬಗಳು! ಆದಕಾರಣ ನಮ್ಮವರನ್ನು ಕಾಯದೆ ಹೊರಗಿಟ್ಟಿಲ್ಲ. ಆದರೆ ಎಣಿಸುವವರು ಬರುವುದು ಹಗಲಿನಲ್ಲಿ. ಹಗಲಿನಲ್ಲಿ ಆ ಆರು ಕುಟುಂಬಗಳೂ ಕೆಳಗೆ ಸಾಂಬಾರು ಬಡಿಸುತ್ತಿರುತ್ತವೆ. ನಮ್ಮಲ್ಲಿಗೆ ಬಂದ ತರುಣಿ ಆ ಮೂರು ಗಂಟೆಯನ್ನು ಆರಿಸಿಕೊಂಡದ್ದು ಆಕೆಯ ಜಾಣತನ.

ಇಷ್ಟೆಲ್ಲ ಪಟ್ಟಿಗಳನ್ನು ಓದಿದ ಮೇಲೆ ನನಗೆ ಕಾಣದೆ ಉಳಿದ ಪ್ರಶ್ನೆಯೊಂದಿದೆ. ಆಟಕ್ಕೆ ಮೈಯೊಂದೇ ಸಾಲದು, ಜೊತೆ ಬೇಕು. ಜೊತೆಗೆ ಒಂದೇ ಹೊತ್ತಿನ ಬಿಡುವು ಬೇಕು. ನಮ್ಮ ರಾಜ್ಯದ ಉಪಾಹಾರಗೃಹಗಳ ಕಾಯದೆ 1958ರಲ್ಲಿಯೇ ನೌಕರನಿಗೆ ವಾರಕ್ಕೊಂದು ರಜೆ ಕೊಟ್ಟಿದೆ. ಆ ರಜೆ ಒಬ್ಬನಿಗೆ ಮಂಗಳವಾರ, ಮತ್ತೊಬ್ಬನಿಗೆ ಬುಧವಾರ, ಇನ್ನೊಬ್ಬನಿಗೆ ಶುಕ್ರವಾರ. ಊರೆಲ್ಲ ಆಡುವ ಭಾನುವಾರ ಹೋಟೆಲಿಗೆ ಸುಗ್ಗಿ. ಅಂದು ಯಾರಿಗೂ ಇಲ್ಲ. ಹನ್ನೊಂದು ಮಂದಿಗೆ ಒಟ್ಟಿಗೆ ಬಿಡುವು ಕೊಟ್ಟರೆ ಹೋಟೆಲಿನ ಬಾಗಿಲು ಹಾಕಬೇಕು. ಕಬಡ್ಡಿಗೆ ಏಳು ಮಂದಿ, ವಾಲಿಬಾಲಿಗೆ ಆರು ಮಂದಿ, ಅಷ್ಟೂ ಸಾಧ್ಯವಿಲ್ಲ. ಊರಿನಲ್ಲಿ ಕಬಡ್ಡಿಯ ಅಂಕಣದಲ್ಲಿ ಹೆಸರು ಮಾಡಿದ್ದ ಹುಡುಗರು ಇಲ್ಲಿಗೆ ಬಂದು, ಮಂಗಳವಾರದ ಮಧ್ಯಾಹ್ನ ಒಬ್ಬಂಟಿಯಾಗಿ ಮರೀನಾದಲ್ಲಿ ಕುಳಿತು ಅಲೆಗಳನ್ನು ನೋಡಿ ಮರಳಿ ಬರುತ್ತಾರೆ. ‘ಆಡುತ್ತೀರಾ?’ ಎಂದು ಕೇಳುವ ಪಟ್ಟಿಗಳು ‘ನಿಮ್ಮ ಬಿಡುವಿನ ಹೊತ್ತಿನಲ್ಲಿ ಇನ್ನು ಯಾರಿಗೆ ಬಿಡುವಿದೆ?’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಸರ್ಕಾರಗಳಿಗೆ ಆಟಗಾರ ಕಣ್ಣಿಗೆ ಬೀಳುವುದೇ ಬೇರೆ ರೀತಿಯಲ್ಲಿ. 2020ರ ಫೆಬ್ರವರಿಯಲ್ಲಿ ಮೂಡಬಿದಿರೆಯ ಕಡೆಯ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ ದೇಶವೆಲ್ಲ ಕೋಲಾಹಲವಾಗಿ, ಕೇಂದ್ರ ಸಚಿವರೇ ಓಟದ ಪರೀಕ್ಷೆಗೆ ಕರೆಕಳುಹಿಸಿದರು. ಕೆಸರಿನ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ತಿಳಿದವರಾದ ಆ ಗೌಡರು ಪರೀಕ್ಷೆಯನ್ನು ಒಲ್ಲೆನೆಂದರು. ಪದಕ ತರುವ ಒಬ್ಬನನ್ನು ಹುಡುಕುವುದು ಒಂದು ಕೆಲಸ. ಪದಕದ ಯೋಚನೆಯಿಲ್ಲದ ಲಕ್ಷ ಮಂದಿ ವಾರಕ್ಕೊಂದು ಗಂಟೆ ಆಡುವರೇ ಎಂದು ನೋಡುವುದು ಮತ್ತೊಂದು ಕೆಲಸ. ಎರಡನೆಯದರಲ್ಲಿ ಯಾರ ಭಾವಚಿತ್ರವೂ ಪತ್ರಿಕೆಯಲ್ಲಿ ಬರುವುದಿಲ್ಲ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣವಿದೆ. 2025ರ ಜುಲೈ 1ರಂದು ಕೇಂದ್ರ ಮಂತ್ರಿಮಂಡಲವು ಒಪ್ಪಿಗೆ ಕೊಟ್ಟ ಹೊಸ ಕ್ರೀಡಾನೀತಿಯಲ್ಲಿ, 2001ರ ಹಳೆಯ ನೀತಿಯನ್ನು ತೆಗೆದುಹಾಕಿ, ಶಾಲೆ, ಕಾಲೇಜು ಮತ್ತು ಕೆಲಸದ ಸ್ಥಳಗಳಿಗೆ ದೇಹದಾರ್ಢ್ಯದ ಸೂಚ್ಯಂಕಗಳನ್ನು ಏರ್ಪಡಿಸುವುದಾಗಿಯೂ, ಗುರಿಗಳನ್ನು ಗೊತ್ತುಮಾಡಿ ಪ್ರಗತಿಯನ್ನು ಅಳೆಯುವುದಾಗಿಯೂ ಹೇಳಿದ್ದಾರೆ. ಶಾಲೆ ಸರಿ, ಕಾಲೇಜು ಸರಿ. ಕೆಲಸದ ಸ್ಥಳವೆಂದಾಗ ನಮ್ಮ ಗುಮಾಸ್ತ ಬಂಧುಗಳು ಯಾವುದಾದರೊಂದು ಅಂಕಣಕ್ಕೆ ಬಂದಾರು. ಅಡಿಗೆಮನೆಯನ್ನು ಕೆಲಸದ ಸ್ಥಳವೆಂದು ಎಣಿಸುವರೇ? ಹಿಟ್ಟು ರುಬ್ಬುವ ಕೋಣೆಯನ್ನು ಎಣಿಸುವರೇ? ನೀತಿಯ ವಿವರಗಳು ನಿಯಮಗಳಾಗಿ ರೂಪುಗೊಳ್ಳುವ ಮೊದಲೇ ಈ ಮಾತನ್ನು ಕೇಳಬೇಕಾದವರು ನಾವು. ಅಳತೆಗೆ ಸಿಕ್ಕಿದವರಿಗೆ ಮೈದಾನ, ಚೆಂಡು, ಹಣ ಎಲ್ಲವೂ ಆಮೇಲೆ ಬರುತ್ತವೆ. ಅಳತೆಯಿಂದ ತಪ್ಪಿದವರಿಗೆ ಅವು ಬಂದ ದೃಷ್ಟಾಂತವನ್ನು ನಾನು ನೋಡಿಲ್ಲ.

ಕಳೆದ ತಿಂಗಳು ನಮ್ಮ ಹಳೆಯ ಹೋಟೆಲಿನ ಮಹಡಿಗೆ ಹೋಗಿ, ಆ ಹದಿನಾರು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಂಡು, ಇದ್ದ ಒಂಬತ್ತು ಮಂದಿಯನ್ನೂ ಕೇಳಿದೆ. ‘ಆಟ’ ಎಂಬ ಮಾತಿನ ಜೊತೆಗೆ ‘ಯಕ್ಷಗಾನವಲ್ಲ’ ಎಂದು ಸೇರಿಸುವುದನ್ನು ಮರೆಯಲಿಲ್ಲ. ಒಂಬತ್ತು ಮಂದಿಯೂ 600ನ್ನು ಬಹು ದೂರ ದಾಟಿದರು. ಮೂರನೆಯ ಖಾತೆಯಲ್ಲಿ ಏಳು ಸೊನ್ನೆಗಳು. ಸೊನ್ನೆಯಿಲ್ಲದ ಇಬ್ಬರಲ್ಲಿ ಒಬ್ಬನು ರಾತ್ರಿ ಹೋಟೆಲು ಮುಚ್ಚಿದ ಮೇಲೆ ಬೀದಿಯ ದೀಪದ ಕೆಳಗೆ ಅಂಗಡಿಯವರ ಹುಡುಗರೊಂದಿಗೆ ಶಟಲ್ ಆಡುತ್ತಾನೆ. ಮತ್ತೊಬ್ಬನು ಬೆಳಿಗ್ಗೆ ಬೇಗ ಎದ್ದು ತಾರಸಿಯ ಮೇಲೆ ದಂಡ ಹೊಡೆಯುತ್ತಾನೆ. ಹದಿನೇಳನೆಯದಾಗಿ ನನ್ನದೇ ಒಂದು ಪ್ರಶ್ನೆ ಹಾಕಿದೆ: ‘ದಿನದಲ್ಲಿ ನಿಮ್ಮೆಲ್ಲರಿಗೂ ಒಟ್ಟಿಗೆ ಸಿಗುವ ಹೊತ್ತು ಯಾವುದು?’ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ‘ಮೂರರಿಂದ ಮೂರೂವರೆ’ ಎಂದರು. ಆ ಅರ್ಧ ಗಂಟೆಯಲ್ಲಿ ಅವರು ನಿದ್ರೆ ಮಾಡುತ್ತಾರೆ.

ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಹೋಟೆಲಿನಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಎಷ್ಟು ಮಂದಿಗೆ ಒಟ್ಟಿಗೆ ಬಿಡುವು ದೊರೆಯುತ್ತದೆ, ಯಾವ ದಿನ, ಯಾವ ಹೊತ್ತು, ನಡೆದು ಹೋಗಬಹುದಾದ ಮೈದಾನ ಯಾವುದು, ಅದು ಆ ಹೊತ್ತಿನಲ್ಲಿ ತೆರೆದಿರುತ್ತದೆಯೇ ಎಂಬ ನಾಲ್ಕು ಸಂಗತಿಗಳನ್ನು ಒಂದು ಕಾಗದದಲ್ಲಿ ಬರೆದು ಪತ್ರಿಕೆಯ ಕಚೇರಿಗೆ ಕಳುಹಿಸಿಕೊಡಿ. ಮಾಲೀಕರ ಹೆಸರನ್ನಾಗಲಿ ನಿಮ್ಮ ಹೆಸರನ್ನಾಗಲಿ ಬರೆಯಬೇಕಾಗಿಲ್ಲ. ಬೀದಿಯ ಹೆಸರು ಸಾಕು. ಬಂದದ್ದನ್ನೆಲ್ಲ ಕೂಡಿಸಿ ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ. ಒಂದು ಪ್ರತಿಯನ್ನು ತಮಿಳಿಗೆ ತಿರುಗಿಸಿ ರಾಜ್ಯದ ಕ್ರೀಡಾಭಿವೃದ್ಧಿ ಪ್ರಾಧಿಕಾರದವರಿಗೆ ಕಳುಹಿಸುವ ಹೊಣೆ ನನ್ನದು.